ಲಕ್ಷ ಕೋಟಿಯಲ್ಲಿ 220: ಗಾಳಿಯಲ್ಲಿರುವ ಹ್ಯಾಲೋಕಾರ್ಬನ್ ಅಳೆಯುವುದು ಹೇಗೆ, ನಂಬುವುದು ಹೇಗೆ?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಅಧ್ಯಾಪಕಿ. ಓಝೋನ್ ಪಾಠ ಮಾಡುವಾಗ, ಸಿಎಫ್‌ಸಿ-11 (ಕ್ಲೋರೊಫ್ಲೋರೊಕಾರ್ಬನ್, ಅಂದರೆ ಕ್ಲೋರಿನ್, ಫ್ಲೋರಿನ್ ಸೇರಿದ ಒಂದು ಹ್ಯಾಲೋಕಾರ್ಬನ್) ಎಂಬ ಅನಿಲ ಈಗ ಗಾಳಿಯಲ್ಲಿ ಸುಮಾರು 220 ಪಿಪಿಟಿ ಇದೆ, ವರ್ಷಕ್ಕೆ ಒಂದೆರಡು ಪಿಪಿಟಿಯಂತೆ ಇಳಿಯುತ್ತಿದೆ ಎಂದು ಹೇಳಿದೆ. ಒಬ್ಬ ವಿದ್ಯಾರ್ಥಿ ಎದ್ದು, "ಅಷ್ಟು ಕಡಿಮೆ ಇರುವುದನ್ನು ಅಳೆಯೋದು ಹೇಗೆ ಮೇಡಂ? ಅಳೆದರೂ, ಒಂದು ಪಿಪಿಟಿ ಇಳಿದದ್ದು ಗಾಳಿಯಲ್ಲೋ ಅಥವಾ ಯಂತ್ರವೇ ತಪ್ಪು ತೋರಿಸಿತೋ, ಯಾರಿಗೆ ಗೊತ್ತು?" ಎಂದು ಕೇಳಿದ. ನಿಷೇಧವಾದ ಅನಿಲವನ್ನು ಯಾವ ಪ್ರಾಂತ್ಯದಲ್ಲಿ ಬಿಡುತ್ತಿದ್ದಾರೆ ಎಂಬುದನ್ನೂ ಗಾಳಿ ನೋಡಿಯೇ ಹೇಳಿದ್ದಾರೆ ಎಂದು ಓದಿದ್ದೇನೆ. ಇದೆಲ್ಲ ನಡೆಯುವುದು ಹೇಗೆ? ತರಗತಿಯಲ್ಲಿ ಮಾಡಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿ ಎರಡು ಪ್ರಶ್ನೆ ಕೇಳಿದ್ದಾನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿ ಅರ್ಧ ಶತಮಾನ ದಾಟಿದೆ. ಎರಡನೆಯದು ಈ ಕೆಲಸದಲ್ಲಿರುವವರು ದಿನವೂ ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆ. ಅತಿ ಸೂಕ್ಷ್ಮ ಪ್ರಮಾಣದ ಅನಿಲವನ್ನು ಪತ್ತೆ ಮಾಡುವುದು ಇಂದು ದೊಡ್ಡ ಕಷ್ಟವಲ್ಲ. ಇವತ್ತಿನ 220 ಮತ್ತು ನಲವತ್ತು ವರ್ಷದ ಹಿಂದಿನ 220 ಎರಡೂ ಒಂದೇ ಅಳತೆ ಎಂದು ಎದೆಮುಟ್ಟಿ ಹೇಳುವುದು ಕಷ್ಟ. ಶ್ರಮದ ಬಹುಪಾಲು ಅಲ್ಲಿಗೇ ಹೋಗುತ್ತದೆ.

ಮೊದಲು ಸಂಖ್ಯೆಯ ಭಯ ಕಳೆಯೋಣ. ಒಂದು ಪಿಪಿಟಿ ಎಂದರೆ ಗಾಳಿಯ ಲಕ್ಷ ಕೋಟಿ ಅಣುಗಳಲ್ಲಿ ಒಂದು ಅಣು. ಕೇಳಿದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಎರಡು ಲೀಟರ್ ಗಾಳಿಯನ್ನು ತೆಗೆದುಕೊಳ್ಳಿ. ಅವೊಗಾಡ್ರೊ ಸಂಖ್ಯೆ ಹಿಡಿದು ಲೆಕ್ಕ ಹಾಕಿದರೆ, 220 ಪಿಪಿಟಿ ಇರುವಾಗ ಆ ಎರಡು ಲೀಟರಿನಲ್ಲಿ ಸಿಎಫ್‌ಸಿ-11ರ ಸುಮಾರು 11 ಲಕ್ಷ ಕೋಟಿ ಅಣುಗಳಿರುತ್ತವೆ. ತೂಕ ಹೇಳಬೇಕೆಂದರೆ ಎರಡೂವರೆ ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಎರಡೂವರೆ ಭಾಗ. ಇಷ್ಟನ್ನು ಗುರುತಿಸಬಲ್ಲ ಡಿಟೆಕ್ಟರುಗಳು ನಮ್ಮ ಬಳಿ ಇವೆ. ತೊಂದರೆ ಇರುವುದು ಜೊತೆಗಿರುವ ನೈಟ್ರೋಜನ್, ಆಕ್ಸಿಜನ್, ಆರ್ಗಾನ್, ನೀರಾವಿ, ಕಾರ್ಬನ್ ಡೈಆಕ್ಸೈಡುಗಳ ರಾಶಿಯಿಂದ ಅದನ್ನು ಬೇರ್ಪಡಿಸುವುದರಲ್ಲಿ.

ಈ ದಾರಿ ತೆರೆದವರು ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್. 1957ರಲ್ಲಿ ಅವರು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ರೂಪಿಸಿದರು. ಒಂದು ಚಿಕ್ಕ ಕೋಶದೊಳಗೆ ವಿಕಿರಣಶೀಲ ಹಾಳೆ ಇಟ್ಟರೆ, ಅದು ಹೊಮ್ಮಿಸುವ ಬೀಟಾ ಕಣಗಳಿಂದ ಅನಿಲದಲ್ಲಿ ಎಲೆಕ್ಟ್ರಾನುಗಳ ಮೋಡ ಹುಟ್ಟಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಕ್ಲೋರಿನ್ ಹೊತ್ತ ಅಣು ಒಳಗೆ ಬಂದ ಕೂಡಲೇ ಎಲೆಕ್ಟ್ರಾನನ್ನು ಹಿಡಿದುಕೊಳ್ಳುತ್ತದೆ, ವಿದ್ಯುತ್ ಕುಗ್ಗುತ್ತದೆ. ನೈಟ್ರೋಜನ್ನಿಗೆ ಎಲೆಕ್ಟ್ರಾನ್ ಮೇಲೆ ಅಂಥ ಆಸೆಯಿಲ್ಲದ ಕಾರಣ ಅದು ಡಿಟೆಕ್ಟರಿಗೆ ಕಾಣುವುದೇ ಇಲ್ಲ. 1971-72ರಲ್ಲಿ ಲವ್‌ಲಾಕ್ ತಮ್ಮ ಉಪಕರಣವನ್ನು ಶ್ಯಾಕಲ್ಟನ್ ಎಂಬ ಸಂಶೋಧನಾ ಹಡಗಿನಲ್ಲಿ ಇಟ್ಟು ಅಟ್ಲಾಂಟಿಕ್ ಉದ್ದಕ್ಕೂ ಅಂಟಾರ್ಕ್ಟಿಕಾದತ್ತ ಕಳುಹಿಸಿದರು. ದಾರಿಯುದ್ದಕ್ಕೂ ಸಿಎಫ್‌ಸಿ-11 ಸಿಕ್ಕಿತು. ಸರಾಸರಿ 50 ಪಿಪಿಟಿಯ ಆಸುಪಾಸು, ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. 1973ರಲ್ಲಿ ಪ್ರಕಟವಾದ ಆ ಪ್ರಬಂಧ ಇದರಿಂದ ಅಪಾಯವೇನೂ ಇಲ್ಲ ಎಂದೇ ಹೇಳಿತ್ತು. ಮರುವರ್ಷವೇ ರಸಾಯನವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್, ಈ ಅನಿಲಗಳು ಮೇಲೇರಿ ಸ್ತರಗೋಳದಲ್ಲಿ ಒಡೆದು ಕ್ಲೋರಿನ್ ಬಿಡುತ್ತವೆ, ಅದು ಓಝೋನನ್ನು ತಿನ್ನುತ್ತದೆ ಎಂದು ತೋರಿಸಿದರು. ಆ ವಾದಕ್ಕೆ ಲವ್‌ಲಾಕರ ಅಂಕಿಗಳೇ ನೆಲೆಯಾದವು: ಅದುವರೆಗೆ ತಯಾರಾದ ಸಿಎಫ್‌ಸಿಯೆಲ್ಲ ಎಲ್ಲೂ ಕರಗದೆ ಇನ್ನೂ ಗಾಳಿಯಲ್ಲೇ ಇದೆ ಎಂಬುದು ಆ ಅಳತೆಯಿಂದ ತಿಳಿದಿತ್ತು. ಏಕೆ ಅಳೆಯಬೇಕು ಎಂದು ಸರಿಯಾಗಿ ಗೊತ್ತಾಗುವ ಮೊದಲೇ ಯಾರೋ ಅಳೆದಿಟ್ಟದ್ದು ಆಮೇಲೆ ಕೆಲಸಕ್ಕೆ ಬಂದ ಉದಾಹರಣೆಗಳು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಮುಂದೆ ಇನ್ನೊಂದನ್ನು ಹೇಳುತ್ತೇನೆ.

ಲವ್‌ಲಾಕರ ಡಿಟೆಕ್ಟರ್ ಸಿಎಫ್‌ಸಿಗಳಿಗೆ ಇಂದಿಗೂ ಚೆನ್ನಾಗಿದೆ. ಆದರೆ ಸಿಎಫ್‌ಸಿಗಳ ಜಾಗಕ್ಕೆ ಬಂದ ಎಚ್‌ಎಫ್‌ಸಿಗಳಲ್ಲಿ (ಹೈಡ್ರೊಫ್ಲೋರೊಕಾರ್ಬನ್) ಕ್ಲೋರಿನ್ ಇಲ್ಲ, ಹಾಗಾಗಿ ಅದಕ್ಕೆ ಅವು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಈಗ ಮುಖ್ಯ ಕೇಂದ್ರಗಳಲ್ಲಿ ಅನಿಲಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿನ ಬೆನ್ನಿಗೆ, ಅಣುವಿನ ಚೂರುಗಳ ರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇರುತ್ತದೆ. 'ಅಗಾಜ್' ಎಂಬ ಅಂತರರಾಷ್ಟ್ರೀಯ ಜಾಲದ ಕೇಂದ್ರಗಳಲ್ಲಿ ಬಳಸುವ ವ್ಯವಸ್ಥೆಯ ಹೆಸರು ಮೆಡೂಸಾ. ಅದರೊಳಗೆ ಗಾಳಿಯ ಒಂದು ಮಾದರಿ ಹೇಗೆ ಸಾಗುತ್ತದೆ ಎಂದು ಹಂತ ಹಂತವಾಗಿ ಹೇಳುತ್ತೇನೆ. ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಗೋಪುರದ ಮೇಲಿನಿಂದ ಪಂಪು ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಆ ಹರಿವಿನಿಂದ ಸುಮಾರು ಎರಡು ಲೀಟರ್ ಗಾಳಿಯನ್ನು ನೇಫಿಯಾನ್ ಕೊಳವೆಗಳ ಮೂಲಕ ಹಾಯಿಸುತ್ತಾರೆ. ಕೊಳವೆಯ ಗೋಡೆ ನೀರಾವಿಯನ್ನು ಹೊರಗೆ ಬಿಟ್ಟು ಉಳಿದದ್ದನ್ನು ಒಳಗೇ ಉಳಿಸಿಕೊಳ್ಳುತ್ತದೆ. ನೀರು ಹೋಗದಿದ್ದರೆ ಮುಂದಿನ ಹಂತದಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟಿಬಿಡುತ್ತದೆ. ಒಣಗಿದ ಗಾಳಿ ಒಂದು ಸಣ್ಣ ಟ್ರ್ಯಾಪಿಗೆ ಬರುತ್ತದೆ. ಅದು ಪಾಲಿಮರ್ ಕಣಗಳನ್ನು ತುಂಬಿದ ತೆಳ್ಳಗಿನ ಲೋಹದ ನಳಿಗೆ. ಅದರ ಉಷ್ಣತೆ ಸುಮಾರು ಮೈನಸ್ 165 ಡಿಗ್ರಿ ಸೆಲ್ಸಿಯಸ್. ಈ ಅಂಕಿಯನ್ನು ಗಮನಿಸಿ. ಆಕ್ಸಿಜನ್ ಮೈನಸ್ 183ರಲ್ಲಿ, ಆರ್ಗಾನ್ ಮೈನಸ್ 186ರಲ್ಲಿ, ನೈಟ್ರೋಜನ್ ಮೈನಸ್ 196ರಲ್ಲಿ ಕುದಿಯುತ್ತವೆ. ಅಂದರೆ ಮೈನಸ್ 165ರಲ್ಲಿ ಅವು ಅನಿಲವಾಗಿಯೇ ದಾಟಿ ಹೋಗುತ್ತವೆ. ಆದರೆ ಮೈನಸ್ 30ರಲ್ಲಿ ಕುದಿಯುವ ಸಿಎಫ್‌ಸಿ-12, 24 ಡಿಗ್ರಿಯಲ್ಲಿ ಕುದಿಯುವ ಸಿಎಫ್‌ಸಿ-11, ಕೊನೆಗೆ ಮೈನಸ್ 128ರಲ್ಲಿ ಕುದಿಯುವ ಹಠಮಾರಿ ಕಾರ್ಬನ್ ಟೆಟ್ರಾಫ್ಲೋರೈಡ್ ಕೂಡ ಅಲ್ಲಿ ಸಿಕ್ಕಿಬೀಳುತ್ತದೆ. ಈ ಕೊನೆಯದನ್ನು ಹಿಡಿಯುವುದಕ್ಕಾಗಿಯೇ ಅಷ್ಟು ತಣ್ಣಗೆ ಮಾಡಬೇಕಾಯಿತು. ಆಮೇಲೆ ಟ್ರ್ಯಾಪನ್ನು ಹಂತಹಂತವಾಗಿ ಬೆಚ್ಚಗೆ ಮಾಡಿ, ಜೊತೆಗೆ ಅಂಟಿಕೊಂಡ ಬೇಡದ ಅನಿಲಗಳನ್ನು ಹೊರಗೆ ದಾಟಿಸಿ, ಬೇಕಾದದ್ದನ್ನು ಹೀಲಿಯಮ್ಮಿನ ಹರಿವಿನಲ್ಲಿ ಇನ್ನೂ ಚಿಕ್ಕದಾದ ಎರಡನೇ ಟ್ರ್ಯಾಪಿಗೆ ಕಳುಹಿಸುತ್ತಾರೆ. ಎರಡು ಲೀಟರಿನಲ್ಲಿ ಹರಡಿದ್ದ ಅಣುಗಳು ಅಲ್ಲಿ ಒಂದು ಬಿಂದುವಿನಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತವೆ. ಅದನ್ನು ಥಟ್ಟನೆ ಬಿಸಿ ಮಾಡಿದಾಗ ಎಲ್ಲವೂ ಒಮ್ಮೆಲೇ ಹೊರಟು ಹತ್ತಾರು ಮೀಟರ್ ಉದ್ದದ, ಕೂದಲಿನಂಥ ಕಾಲಮ್ಮಿನೊಳಗೆ ನುಗ್ಗುತ್ತವೆ. ಒಂದೊಂದು ಅನಿಲವೂ ತನ್ನದೇ ವೇಗದಲ್ಲಿ ಸಾಗಿ, ತನ್ನದೇ ಹೊತ್ತಿಗೆ ಆಚೆ ತುದಿಯಲ್ಲಿ ಹೊರಬೀಳುತ್ತದೆ. ಪರದೆಯ ಮೇಲೆ ಒಂದರ ಹಿಂದೊಂದು ಪೀಕ್ ಏಳುತ್ತದೆ. ಒಂದೇ ಮಾದರಿಯಿಂದ ನಲವತ್ತರಷ್ಟು ಅನಿಲಗಳ ಲೆಕ್ಕ ಸಿಗುತ್ತದೆ.

ಎದ್ದ ಪೀಕ್ ನಿಜಕ್ಕೂ ಸಿಎಫ್‌ಸಿ-11ರದ್ದೇ? ಅದೇ ಹೊತ್ತಿಗೆ ಬೇರಾವುದೋ ಅಣು ಹೊರಬಂದಿರಬಹುದಲ್ಲ? ಇಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಒಂದು ಚಂದದ ಸಾಕ್ಷಿ ಕೊಡುತ್ತದೆ. ಮೂರು ಕ್ಲೋರಿನ್, ಒಂದು ಫ್ಲೋರಿನ್ ಇರುವ ಈ ಅಣು ಎಲೆಕ್ಟ್ರಾನ್ ಹೊಡೆತಕ್ಕೆ ಸಿಕ್ಕಿ ಒಂದು ಕ್ಲೋರಿನ್ ಕಳೆದುಕೊಳ್ಳುತ್ತದೆ. ಉಳಿದ ಚೂರಿನ ರಾಶಿ 101. ಆದರೆ ಪ್ರಕೃತಿಯಲ್ಲಿ ಕ್ಲೋರಿನ್ ಎರಡು ಬಗೆ: 35 ಮತ್ತು 37, ಸುಮಾರು ಮೂರಕ್ಕೆ ಒಂದರಂತೆ. ಚೂರಿನಲ್ಲಿ ಎರಡು ಕ್ಲೋರಿನ್ ಇರುವುದರಿಂದ 101, 103, 105 ಎಂಬ ಮೂರು ರಾಶಿಗಳು 9:6:1 ಅನುಪಾತದಲ್ಲಿ ಬರಲೇಬೇಕು. 103ರ ಪೀಕ್ 101ರ ಪೀಕಿನ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ ಇದ್ದರೆ ಸರಿ. ಇಲ್ಲದಿದ್ದರೆ ಅಲ್ಲಿ ಬೇರೆ ಏನೋ ಸೇರಿಕೊಂಡಿದೆ ಎಂದರ್ಥ. ಐಸೋಟೋಪ್ ಪಾಠವನ್ನೂ ಇದನ್ನೂ ಒಟ್ಟಿಗೆ ಹೇಳಿಕೊಡಬಹುದು. ಪುಸ್ತಕದಲ್ಲಿ ನಿರ್ಜೀವವಾಗಿ ಬಿದ್ದಿರುವ 35.5 ಎಂಬ ಪರಮಾಣು ತೂಕ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೂ ಕೈಯಲ್ಲಿರುವುದು ಒಂದು ಪೀಕಿನ ವಿಸ್ತೀರ್ಣ ಮಾತ್ರ. ಅದು ಪಿಪಿಟಿ ಅಲ್ಲ. ಡಿಟೆಕ್ಟರಿನ ಸಂವೇದನೆ ದಿನದಿಂದ ದಿನಕ್ಕೆ, ಗಂಟೆಯಿಂದ ಗಂಟೆಗೆ ಜಾರುತ್ತದೆ. ಕೋಣೆಯ ಬಿಸಿ, ಫಿಲಮೆಂಟಿನ ವಯಸ್ಸು, ಕಾಲಮ್ಮಿನ ಸವೆತ ಎಲ್ಲವೂ ಅದರಲ್ಲಿ ಕಾಣುತ್ತವೆ. ನಿಮ್ಮ ವಿದ್ಯಾರ್ಥಿಯ ಅನುಮಾನಕ್ಕೆ ಪೂರ್ತಿ ಆಧಾರವಿದೆ. ಯಂತ್ರ ಹೇಳಿದ್ದನ್ನು ಹಾಗೇ ನಂಬುವಂತಿಲ್ಲ. ಅದಕ್ಕೇ ಪ್ರತಿ ಮಾದರಿಯ ಹಿಂದೆ ಒಮ್ಮೆ, ಮುಂದೆ ಒಮ್ಮೆ, ಸಿಲಿಂಡರಿನಲ್ಲಿ ತುಂಬಿಟ್ಟ ಸ್ಟ್ಯಾಂಡರ್ಡ್ ಗಾಳಿಯನ್ನು (ಯಾವ ಅನಿಲ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಗಾಳಿ) ಅದೇ ದಾರಿಯಲ್ಲಿ, ಅದೇ ಎರಡು ಲೀಟರಿನಷ್ಟು, ಹಾಯಿಸುತ್ತಾರೆ. ಸ್ಟ್ಯಾಂಡರ್ಡ್, ಗಾಳಿ, ಸ್ಟ್ಯಾಂಡರ್ಡ್, ಗಾಳಿ: ಹಗಲು ರಾತ್ರಿ, ವರ್ಷದ ಅಷ್ಟೂ ದಿನ ಇದೇ ಸರದಿ. ಯಂತ್ರ ಜಾರಿದರೆ ಎರಡರ ಮೇಲೂ ಒಂದೇ ರೀತಿ ಜಾರುತ್ತದೆ, ಅವುಗಳ ಅನುಪಾತ ಮಾತ್ರ ನಿಲ್ಲುತ್ತದೆ. ಆ ಅನುಪಾತವೇ ನಮ್ಮ ನಿಜವಾದ ಅಳತೆ. ಹೀಗೆ ಮಾಡಿದರೆ ಹೆಚ್ಚು ಪ್ರಮಾಣದಲ್ಲಿರುವ ಸಿಎಫ್‌ಸಿಗಳನ್ನು ಶೇಕಡಾ ಒಂದರ ಕೆಲವೇ ದಶಾಂಶಗಳಷ್ಟು ನಿಖರವಾಗಿ ಹೇಳಬಹುದು. ಅಂದರೆ 220ರಲ್ಲಿ ಅರ್ಧ ಪಿಪಿಟಿ ಅತ್ತಿತ್ತ. ದಿನಕ್ಕೆ ಹತ್ತಕ್ಕೂ ಹೆಚ್ಚು ಮಾದರಿ, ತಿಂಗಳಿಗೆ ನೂರಾರು ಎಂದಾದಾಗ ಸರಾಸರಿ ಇನ್ನೂ ಗಟ್ಟಿಯಾಗುತ್ತದೆ. ಒಂದು ಪಿಪಿಟಿ ಇಳಿತ ಕಾಣುವುದು ಹೀಗೆ.

ಆದರೆ ಭಾರವೆಲ್ಲ ಈಗ ಸಿಲಿಂಡರಿನ ಮೇಲೆ ಬಿತ್ತು. ತಕ್ಕಡಿ ಎಷ್ಟೇ ಸೂಕ್ಷ್ಮವಾಗಿದ್ದರೂ ತೂಕದ ಕಲ್ಲೇ ಸವೆದರೆ ಏನು ಪ್ರಯೋಜನ? ಸ್ಟ್ಯಾಂಡರ್ಡ್ ಸಿಲಿಂಡರಿನಲ್ಲಿ ಎಷ್ಟು ಪಿಪಿಟಿ ಇದೆ ಎಂದು ಮೊದಲು ಹೇಳುವವರು ಯಾರು? ಕೊನೆಗೆ ತೂಕ ಮಾಡಿಯೇ ಹೇಳಬೇಕು. ಶುದ್ಧ ಅನಿಲವನ್ನು ತೂಗಿ, ತಿಳಿದಷ್ಟು ಶುದ್ಧ ಗಾಳಿಯಲ್ಲಿ ಬೆರೆಸಿ, ಮತ್ತೆ ಮತ್ತೆ ತೆಳುಗೊಳಿಸಬೇಕು. ಪ್ರತಿ ಸಲ ತೆಳುಮಾಡುವಾಗಲೂ ಒಂದಿಷ್ಟು ತಪ್ಪು ಸೇರುತ್ತದೆ. ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಸಿಎಫ್‌ಸಿಯನ್ನು ಮೊದಲೇ ನೈಟ್ರಸ್ ಆಕ್ಸೈಡಿನ ಜೊತೆ ತಿಳಿದ ಅನುಪಾತದಲ್ಲಿ, ಉದಾಹರಣೆಗೆ ಸಾವಿರಕ್ಕೆ ಒಂದರಂತೆ, ಬೆರೆಸಿಡುತ್ತಾರೆ. ಆಮೇಲೆ ಆ ಮಿಶ್ರಣವನ್ನು ಶುದ್ಧ ಗಾಳಿಯಲ್ಲಿ ತೆಳುಮಾಡುತ್ತಾರೆ. ನೈಟ್ರಸ್ ಆಕ್ಸೈಡ್ ನಮ್ಮ ಗಾಳಿಯಲ್ಲಿ ನೂರು ಕೋಟಿಗೆ 330ರ ಆಸುಪಾಸು ಇರುವ ಅನಿಲ. ಅದನ್ನು ಬಹಳ ನಿಖರವಾಗಿ ಅಳೆಯಬಹುದು. ತೆಳುವಾದ ಮಿಶ್ರಣದಲ್ಲಿ ಅದು ನೂರು ಕೋಟಿಗೆ 330 ಬಂದರೆ, ಸಿಎಫ್‌ಸಿ ಅದರ ಸಾವಿರದ ಒಂದು ಪಾಲು, ಅಂದರೆ 330 ಪಿಪಿಟಿ ಇದೆ ಎಂದಾಯಿತು. ಎಷ್ಟು ತೆಳುವಾಯಿತು ಎಂಬುದನ್ನು ಸುಲಭವಾಗಿ ಕಾಣುವ ಜೊತೆಗಾರನೇ ಹೇಳಿಬಿಡುತ್ತಾನೆ.

ಇಂಥ ಮೂಲ ಸ್ಟ್ಯಾಂಡರ್ಡ್‌ಗಳಿಂದ ಎರಡನೇ ತಲೆಮಾರಿನ ಸಿಲಿಂಡರಿಗೆ, ಅದರಿಂದ ಮೂರನೆಯದಕ್ಕೆ ಮೌಲ್ಯ ದಾಟುತ್ತದೆ. ಕೇಂದ್ರಕ್ಕೆ ಹೋಗುವ ಸಿಲಿಂಡರನ್ನು ಹೋಗುವ ಮೊದಲು ಅಳೆಯುತ್ತಾರೆ, ತಿಂಗಳುಗಟ್ಟಲೆ ಬಳಸಿದ ಮೇಲೆ ವಾಪಸು ತರಿಸಿ ಮತ್ತೆ ಅಳೆಯುತ್ತಾರೆ. ನಡುವೆ ಅದು ಬದಲಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಸಿಲಿಂಡರಿನ ಒಳಗೋಡೆ ಕೂಡ ಸುಮ್ಮನಿರುವುದಿಲ್ಲ. ತೀರಾ ಒಣಗಿದ ಉಕ್ಕಿನ ಪಾತ್ರೆಯಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ, ಸ್ವಲ್ಪ ನೀರಾವಿ ಇದ್ದರೆ ಉಳಿಯುತ್ತದೆ. ಅದಕ್ಕೇ ಒಳಮೈಯನ್ನು ಎಲೆಕ್ಟ್ರೋಪಾಲಿಶ್ ಮಾಡಿದ ಸ್ಟೇನ್‌ಲೆಸ್ ಉಕ್ಕಿನ ಸಿಲಿಂಡರ್, ಅದರಲ್ಲಿ ಕೃತಕ ಮಿಶ್ರಣದ ಬದಲು ಕಡಲ ಕಡೆಯಿಂದ ಬಂದ ಸಹಜ ಗಾಳಿಯನ್ನೇ ಒತ್ತಿ ತುಂಬಿದ ಸ್ಟ್ಯಾಂಡರ್ಡ್. ಇವೆಲ್ಲ ಯಾರಿಗೂ ಸುದ್ದಿಯಾಗದ ಕೆಲಸಗಳು. ಇವಿಲ್ಲದಿದ್ದರೆ ಯಾವ ಗ್ರಾಫಿಗೂ ಅರ್ಥವಿಲ್ಲ.

ಇನ್ನೂ ಅನುಮಾನ ಉಳಿದರೆ? ಆಗ ಬೇರೆಯವರನ್ನು ಕೇಳಬೇಕು. ಸಾಗರ ಮತ್ತು ವಾಯುಮಂಡಲವನ್ನು ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆ ಇದೇ ಅನಿಲಗಳನ್ನು ಬೇರೆ ಉಪಕರಣದಲ್ಲಿ, ತಾನೇ ತೂಗಿ ತಯಾರಿಸಿದ ಬೇರೆ ಸ್ಟ್ಯಾಂಡರ್ಡ್ ಇಟ್ಟುಕೊಂಡು ಅಳೆಯುತ್ತದೆ. ಹವಾಯಿಯ ಮೌನಾ ಲೋವಾ, ದಕ್ಷಿಣ ಧ್ರುವ, ಅಲಾಸ್ಕಾ, ಸಮೋವಾ ಮುಂತಾದ ಕಡೆ ಫ್ಲಾಸ್ಕುಗಳಲ್ಲಿ ಗಾಳಿ ತುಂಬಿ ಕೊಲೊರಾಡೊದ ಬೋಲ್ಡರಿಗೆ ಕಳುಹಿಸುತ್ತಾರೆ. ತುಂಬುವಾಗ ಯಾವಾಗಲೂ ಜೋಡಿ ಫ್ಲಾಸ್ಕು. ಎರಡರ ಫಲಿತಾಂಶ ಒಂದಕ್ಕೊಂದು ತಾಳೆಯಾಗದಿದ್ದರೆ ಆ ಜೋಡಿಯನ್ನು ಪಕ್ಕಕ್ಕಿಡುತ್ತಾರೆ. ಎರಡು ಜಾಲಗಳ ನಡುವೆ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇದೆ. ಏರಿಳಿತದ ಕಥೆಯನ್ನು ಮಾತ್ರ ಎರಡೂ ಒಂದೇ ಥರ ಹೇಳುತ್ತವೆ. ಸ್ವತಂತ್ರವಾದ ಎರಡು ಕೈಗಳು ಒಂದೇ ಕಡೆ ತೋರಿಸುವುದಕ್ಕಿಂತ ದೊಡ್ಡ ಭರವಸೆ ವಿಜ್ಞಾನದಲ್ಲಿ ನನಗಂತೂ ಕಂಡಿಲ್ಲ.

ಇಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕೇಪ್ ಗ್ರಿಮ್ ಬಗ್ಗೆ ಹೇಳಲೇಬೇಕು. ಅಲ್ಲಿ 1978ರಿಂದ ಶುದ್ಧ ಕಡಲಗಾಳಿಯನ್ನು ಅತಿಶೀತದಲ್ಲಿ ದ್ರವವಾಗಿಸಿ ಸಿಲಿಂಡರುಗಳಲ್ಲಿ ತುಂಬಿ, ದಿನಾಂಕ ಬರೆದು ಇಟ್ಟಿದ್ದಾರೆ. ಆಗ ಯಾವ ಅನಿಲಕ್ಕಾಗಿ ಎಂದು ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. 2014ರಲ್ಲಿ ಬ್ರಿಟನ್ನಿನ ತಂಡವೊಂದು ಆ ಹಳೆಯ ಗಾಳಿಯನ್ನು ಹೊಸ ಉಪಕರಣದಲ್ಲಿ ನೋಡಿದಾಗ, ಅದುವರೆಗೆ ಗಾಳಿಯಲ್ಲಿವೆ ಎಂದೇ ಗೊತ್ತಿರದ ಮೂರು ಸಿಎಫ್‌ಸಿ ಮತ್ತು ಒಂದು ಎಚ್‌ಸಿಎಫ್‌ಸಿ (ಹೈಡ್ರೋಜನ್ ಕೂಡ ಇರುವ ಸಿಎಫ್‌ಸಿ ಬಗೆ) ಸಿಕ್ಕವು. ಸಿಕ್ಕಿದ್ದಷ್ಟೇ ಅಲ್ಲ, ದಶಕಗಳಿಂದ ಅವು ಹೇಗೆ ಬೆಳೆದವು ಎಂಬ ಇತಿಹಾಸವೂ ಸಿಕ್ಕಿತು. ಅದಕ್ಕೂ ಹಿಂದಿನ ಕಾಲಕ್ಕೆ ಹೋಗಬೇಕೆಂದರೆ ಧ್ರುವಪ್ರದೇಶದ ಹಳೆಯ ಹಿಮದ ಪದರಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಅಲ್ಲಿ ಕೆಳಗಿಳಿದಂತೆ ಸಿಎಫ್‌ಸಿಗಳು ಸೊನ್ನೆಯತ್ತ ಹೋಗುತ್ತವೆ. ಅವು ಪೂರ್ತಿ ಮನುಷ್ಯನ ಸೃಷ್ಟಿ ಎಂಬುದಕ್ಕೆ ಬೇರೆ ಪುರಾವೆ ಬೇಡ. ಕಾರ್ಬನ್ ಟೆಟ್ರಾಫ್ಲೋರೈಡ್ ಹಾಗಲ್ಲ. ಅದರಲ್ಲಿ ಸುಮಾರು 34 ಪಿಪಿಟಿ ಕಲ್ಲುಬಂಡೆಗಳಿಂದಲೇ ಬಂದದ್ದು, ಉಳಿದದ್ದು ಮುಖ್ಯವಾಗಿ ಅಲ್ಯೂಮಿನಿಯಂ ಮತ್ತು ಅರೆವಾಹಕ ಕಾರ್ಖಾನೆಗಳ ಕೊಡುಗೆ.

ಎಲ್ಲಿ ನಿಂತು ಅಳೆಯಬೇಕು ಎಂಬುದಕ್ಕೂ ಉಪಕರಣದಷ್ಟೇ ಬೆಲೆ. ಊರ ನಡುವೆ ಅಳೆದರೆ ಸಿಗುವುದು ಪಕ್ಕದ ಕಟ್ಟಡದ ಎಸಿ ಸೋರಿಕೆ. ಅಸ್ತಮಾ ಇರುವವರ ಇನ್ಹೇಲರಿನಲ್ಲಿ ಔಷಧ ತಳ್ಳುವ ಅನಿಲ ಎಚ್‌ಎಫ್‌ಸಿ-134ಎ, ಗಾಳಿಯ ಕೊಳವೆಯ ಬಾಯಿಯ ಹತ್ತಿರ ಅದನ್ನು ಒತ್ತಿದರೆ ಆ ಹೊತ್ತಿನ ಪೀಕ್ ಆಕಾಶಕ್ಕೇರುತ್ತದೆ. ಪ್ರಯೋಗಾಲಯದ ಫ್ರಿಜ್ಜು, ಗೋಡೆಯ ಫೋಮು, ಟೆಫ್ಲಾನ್ ವಾಷರು, ಪಂಪಿನ ಡಯಾಫ್ರಾಮ್ ಎಲ್ಲದರ ಮೇಲೂ ಕಣ್ಣಿಡಬೇಕು. ಕೇಪ್ ಗ್ರಿಮ್, ಐರ್ಲೆಂಡಿನ ಮೇಸ್ ಹೆಡ್, ಬಾರ್ಬಡೋಸ್, ಸಮೋವಾ, ಕ್ಯಾಲಿಫೋರ್ನಿಯಾದ ಟ್ರಿನಿಡಾಡ್ ಹೆಡ್ ಇವೆಲ್ಲ ಕಡಲಿಗೆ ಮುಖ ಮಾಡಿ ನಿಂತಿರುವುದು ಅದಕ್ಕೇ. ಕೇಪ್ ಗ್ರಿಮ್‌ನಲ್ಲಿ ಗಾಳಿ ನೈಋತ್ಯದ ಸಾಗರದಿಂದ ಬೀಸಿದಾಗ ವಾರಗಟ್ಟಲೆ ನೆಲ ಕಾಣದ ಗಾಳಿ ಸಿಗುತ್ತದೆ. ಅದನ್ನು ಬೇಸ್‌ಲೈನ್ ಎನ್ನುತ್ತಾರೆ. ಗಾಳಿ ದಿಕ್ಕು ಬದಲಿಸಿ ಊರಿನ ಕಡೆಯಿಂದ ಬಂದರೆ ಗ್ರಾಫಿನಲ್ಲಿ ಮುಳ್ಳುಗಳು ಏಳುತ್ತವೆ. ಜಾಗತಿಕ ಲೆಕ್ಕಕ್ಕೆ ಆ ಮುಳ್ಳುಗಳನ್ನು ಬಿಡುತ್ತಾರೆ, ಆದರೆ ಎಸೆಯುವುದಿಲ್ಲ. ಅಪರಾಧಿ ಎಲ್ಲಿದ್ದಾನೆ ಎಂದು ಹೇಳುವುದು ಅವೇ.

ಈಗ ನಿಮ್ಮ ಮೂರನೇ ಪ್ರಶ್ನೆ, ನಿಷೇಧವಾದ ಸಿಎಫ್‌ಸಿ-11 ಅನ್ನು ಕದ್ದುಮುಚ್ಚಿ ಬಿಡುತ್ತಿದ್ದದ್ದು ಸಿಕ್ಕಿದ್ದು ಹೇಗೆ ಎಂಬುದು. ಮೊದಲು ಒಂದು ಲೆಕ್ಕ. ಇಡೀ ವಾಯುಮಂಡಲದಲ್ಲಿ ಈ ಅನಿಲ ಒಂದು ಪಿಪಿಟಿ ಎಂದರೆ ಸುಮಾರು 24 ಸಾವಿರ ಟನ್. ಅದರ ಆಯುಷ್ಯ ಸುಮಾರು 52 ವರ್ಷ, ಅಂದರೆ ಪ್ರತಿವರ್ಷ ಇರುವುದರಲ್ಲಿ 52ರ ಒಂದು ಪಾಲು ಮೇಲೆ ಒಡೆದು ಹೋಗುತ್ತದೆ. 240 ಪಿಪಿಟಿ ಇದ್ದಾಗ, ಹೊಸದಾಗಿ ಏನೂ ಸೇರದಿದ್ದರೆ, ವರ್ಷಕ್ಕೆ 4.6 ಪಿಪಿಟಿ ಇಳಿಯಬೇಕು. ಆದರೆ 2002ರಿಂದ 2012ರವರೆಗೆ ಇಳಿದದ್ದು ವರ್ಷಕ್ಕೆ ಸುಮಾರು 2.1 ಪಿಪಿಟಿ. ಉಳಿದ ಎರಡೂವರೆ ಪಿಪಿಟಿಯಷ್ಟು, ಸುಮಾರು 60 ಸಾವಿರ ಟನ್, ಪ್ರತಿವರ್ಷ ಎಲ್ಲಿಂದಲೋ ಬರುತ್ತಲೇ ಇತ್ತು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಹಳೆಯ ಕಟ್ಟಡಗಳ, ಫ್ರಿಜ್ಜುಗಳ ಫೋಮಿನೊಳಗೆ ಸೇರಿಹೋಗಿದ್ದ ಅನಿಲ ನಿಧಾನವಾಗಿ ಸೋರುತ್ತಿರುತ್ತದೆ. ಆ ಸೋರಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕು, ಏಕೆಂದರೆ ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ಜಗತ್ತಿನಲ್ಲೆಲ್ಲೂ ಇದರ ತಯಾರಿಕೆ ನಿಂತಿರಬೇಕಿತ್ತು.

ನಡೆದದ್ದು ಅದಕ್ಕೆ ತದ್ವಿರುದ್ಧ. 2012ರ ನಂತರ ಇಳಿಯುವ ವೇಗ ಕುಗ್ಗಿ, 2015ರಿಂದ 2017ರ ನಡುವೆ ವರ್ಷಕ್ಕೆ ಒಂದು ಪಿಪಿಟಿಗೆ ಬಂತು. ನೋವಾದ ಸ್ಟೀಫನ್ ಮೊಂಟ್ಜ್‌ಕಾ ಮತ್ತು ಸಂಗಡಿಗರು ತಕ್ಷಣ ಯಾರ ಮೇಲೂ ಬೆರಳು ತೋರಿಸಲಿಲ್ಲ. ಸ್ತರಗೋಳದ ಗಾಳಿಯ ಚಲನೆ ವರ್ಷದಿಂದ ವರ್ಷಕ್ಕೆ ಬದಲಾದರೂ ಇಂಥದ್ದು ಕಾಣಬಹುದು, ಸ್ವಲ್ಪ ಭಾಗ ಹಾಗೆಯೇ ಬಂದದ್ದೂ ಹೌದು. ಆದರೆ ಇನ್ನೊಂದು ಸಾಕ್ಷಿ ಇತ್ತು. ಉತ್ತರ ಗೋಳಾರ್ಧ ಮತ್ತು ದಕ್ಷಿಣ ಗೋಳಾರ್ಧಗಳ ನಡುವಿನ ಅಂತರ ಅದೇ ಹೊತ್ತಿಗೆ ಹೆಚ್ಚಾಗಿತ್ತು. ಎರಡರ ಗಾಳಿ ಬೆರೆಯಲು ಸುಮಾರು ಒಂದು ವರ್ಷ ಬೇಕು. ಹೊಸ ಅನಿಲ ಉತ್ತರದಲ್ಲಿ ಹೊರಬಿದ್ದರೆ ಅಂತರ ಹಿಗ್ಗುತ್ತದೆ. ಮೌನಾ ಲೋವಾಗೆ ಬಂದ ಮಾದರಿಗಳಲ್ಲಿ ಸಿಎಫ್‌ಸಿ-11 ಹೆಚ್ಚಿದಾಗ ಪೂರ್ವ ಏಷ್ಯಾದ ಕೈಗಾರಿಕೆಗಳಿಂದ ಬರುವ ಬೇರೆ ಅನಿಲಗಳೂ ಜೊತೆಯಲ್ಲೇ ಹೆಚ್ಚಿದ್ದವು. 2018ರಲ್ಲಿ ಅವರು ವರ್ಷಕ್ಕೆ ಸುಮಾರು 13 ಸಾವಿರ ಟನ್ ಹೆಚ್ಚುವರಿ ಹೊರಸೂಸುವಿಕೆ ಇದೆ, 5 ಸಾವಿರ ಅತ್ತಿತ್ತ, ಎಂದು ಪ್ರಕಟಿಸಿದರು.

ಪ್ರಾಂತ್ಯದವರೆಗೆ ಹೋಗಲು ಹತ್ತಿರದ ಕಣ್ಣು ಬೇಕಿತ್ತು. ದಕ್ಷಿಣ ಕೊರಿಯಾದ ಜೇಜು ದ್ವೀಪದ ಗೋಸಾನ್ ಮತ್ತು ಜಪಾನಿನ ಹಟೆರುಮಾ ದ್ವೀಪದ ಕೇಂದ್ರಗಳಲ್ಲಿ ಗಾಳಿ ಖಂಡದ ಕಡೆಯಿಂದ ಬಂದಾಗ ಹೀಗೆಯೇ ಮುಳ್ಳುಗಳು ಏಳುತ್ತವೆ. 2013ರ ನಂತರ ಗೋಸಾನಿನ ಸಿಎಫ್‌ಸಿ-11 ಮುಳ್ಳುಗಳು ಎತ್ತರವಾಗಿದ್ದವು. ಪ್ರತಿ ಮುಳ್ಳಿನ ಹೊತ್ತಿನ ಗಾಳಿ ಹಿಂದಿನ ದಿನಗಳಲ್ಲಿ ಯಾವ ನೆಲದ ಮೇಲೆ ಹಾದುಬಂತು ಎಂಬುದನ್ನು ಹವಾಮಾನ ಮಾದರಿಗಳಿಂದ ಹಿಂದಕ್ಕೆ ಓಡಿಸಿ ನೋಡಬಹುದು. ಒಂದೇ ಮುಳ್ಳು ಏನನ್ನೂ ಸಾಬೀತು ಮಾಡದು. ನೂರಾರು ದಿನಗಳ ಹೆಜ್ಜೆಗುರುತನ್ನು ಒಟ್ಟಿಗೆ ಇಟ್ಟು, ಭೂಪಟದ ಯಾವ ಚೌಕದಿಂದ ಎಷ್ಟು ಹೊರಬಿದ್ದರೆ ಈ ಎಲ್ಲ ಅಳತೆಗಳೂ ಹೊಂದುತ್ತವೆ ಎಂದು ಹಿಮ್ಮುಖವಾಗಿ ಬಿಡಿಸುತ್ತಾರೆ. 2019ರಲ್ಲಿ ಪ್ರಕಟವಾದ ಉತ್ತರ: ಪೂರ್ವ ಚೀನಾದಿಂದ ವರ್ಷಕ್ಕೆ ಸುಮಾರು 7 ಸಾವಿರ ಟನ್ ಹೆಚ್ಚಳ, ಮೂರು ಸಾವಿರ ಅತ್ತಿತ್ತ, ಮುಖ್ಯವಾಗಿ ಶಾಂಡಾಂಗ್ ಮತ್ತು ಹೆಬೆಯ್ ಪ್ರಾಂತ್ಯಗಳ ಸುತ್ತಿನಿಂದ. ಫೋಮ್ ಉಬ್ಬಿಸಲು ಇದನ್ನು ಬಳಸುತ್ತಿದ್ದರು. ನಂತರ ಕ್ರಮ ಕೈಗೊಂಡ ಮೇಲೆ 2019ರ ಅಳತೆಗಳಲ್ಲೇ ಹೊರಸೂಸುವಿಕೆ ಮತ್ತೆ ಹಿಂದಿನ ಮಟ್ಟಕ್ಕೆ ಇಳಿದದ್ದು ಕಂಡಿತು. ಒಪ್ಪಂದ ಪಾಲನೆಯಾಯಿತೇ ಎಂಬುದನ್ನು ಕಾಗದಪತ್ರದ ಬದಲು ಗಾಳಿಯೇ ತೋರಿಸಿಕೊಟ್ಟ ಪ್ರಸಂಗ ಅದು.

ವಿದ್ಯಾರ್ಥಿಗಳಿಗೆ ಒಂದು ಮಿತಿಯನ್ನೂ ಹೇಳಿ. 2019ರ ಆ ಲೆಕ್ಕ ಜಾಗತಿಕ ಹೆಚ್ಚಳದಲ್ಲಿ ಕನಿಷ್ಠ ಶೇಕಡಾ 40ರಿಂದ 60ರಷ್ಟನ್ನು ವಿವರಿಸಿತು, ಪೂರ್ತಿಯನ್ನಲ್ಲ. ಉಳಿದದ್ದು ಎಲ್ಲಿಂದ ಎಂದು ಹೇಳಲು ಅಲ್ಲಿ ಕೇಂದ್ರಗಳೇ ಇರಲಿಲ್ಲ. ದಕ್ಷಿಣ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕದ ಬಹುಭಾಗದ ಹೊರಸೂಸುವಿಕೆ ಈ ಜಾಲಕ್ಕೆ ಸರಿಯಾಗಿ ಕಾಣುವುದಿಲ್ಲ. ಉಪಗ್ರಹಗಳು, ಉದಾಹರಣೆಗೆ 2003ರಲ್ಲಿ ಹಾರಿದ ಕೆನಡಾದ ಸೈಸ್ಯಾಟ್, ಸೂರ್ಯನ ಬೆಳಕಿನಲ್ಲಿ ಈ ಅನಿಲಗಳ ಗುರುತು ನೋಡುತ್ತವೆ. ಆದರೆ ನೆಲದ ಮೇಲಿನ ನಿಖರತೆ ಅವಕ್ಕಿಲ್ಲ. ಈ ಕುರುಡು ಜಾಗಗಳಲ್ಲಿ ಕೇಂದ್ರಗಳು ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಒಂದು ಕೇಂದ್ರವನ್ನು ಕಟ್ಟಲು ಹಣ ಸಿಗುತ್ತದೆ, ಅದನ್ನು ಮೂವತ್ತು ವರ್ಷ ನಡೆಸಲು ಸಿಗುವುದು ಕಷ್ಟ. ಹಾಗೆ ನಡೆಸಿದಾಗ ಮಾತ್ರ ಒಂದು ಪಿಪಿಟಿಗೆ ಬೆಲೆ ಬರುತ್ತದೆ.

ತರಗತಿಯಲ್ಲಿ ಅಳೆಯುವುದು ಆಗದ ಮಾತು, ಆದರೆ ಲೆಕ್ಕ ಹಾಕಿಸಬಹುದು. ಅಗಾಜ್, ನೋವಾ ಎರಡೂ ಜಾಲಗಳ ತಿಂಗಳ ಸರಾಸರಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಸಿಎಫ್‌ಸಿ-11ರಿಂದ ಶುರು ಮಾಡಬೇಡಿ, ಮೀಥೈಲ್ ಕ್ಲೋರೋಫಾರ್ಮ್ ತೆಗೆದುಕೊಳ್ಳಿ. ಲೋಹ ತೊಳೆಯುವ ದ್ರಾವಕವಾಗಿದ್ದ ಇದು 1990ರ ದಶಕದ ಆರಂಭದಲ್ಲಿ 130 ಪಿಪಿಟಿ ದಾಟಿತ್ತು. ದ್ರಾವಕವಾದ್ದರಿಂದ ತಯಾರಾದದ್ದು ಬೇಗನೆ ಗಾಳಿಗೆ ಸೇರಿತು, ಫೋಮಿನಂಥ ಹಳೆಯ ದಾಸ್ತಾನು ಉಳಿಯಲಿಲ್ಲ. ಹಾಗಾಗಿ ತಯಾರಿಕೆ ನಿಂತೊಡನೆ ಗಾಳಿಯಲ್ಲಿ ಶುದ್ಧ ಘಾತೀಯ ಇಳಿತ ಕಾಣುತ್ತದೆ. ವಿದ್ಯಾರ್ಥಿಗಳು 1998ರಿಂದ ಈಚೆಗಿನ ವಾರ್ಷಿಕ ಮೌಲ್ಯಗಳ ಸ್ವಾಭಾವಿಕ ಲಾಗರಿದಂ (ln) ತೆಗೆದು ಗ್ರಾಫ್ ಹಾಕಲಿ. ಬಹುತೇಕ ಸರಳರೇಖೆ ಬರುತ್ತದೆ, ವರ್ಷಕ್ಕೆ ಸುಮಾರು ಶೇಕಡಾ 18 ಇಳಿತ. ಆ ರೇಖೆಯ ಇಳಿಜಾರಿನ ವಿಲೋಮವೇ ಅನಿಲದ ಆಯುಷ್ಯ, ಸುಮಾರು 5 ವರ್ಷ. ಅದನ್ನು ಒಡೆಯುವುದು ಮುಖ್ಯವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಆ ರ‍್ಯಾಡಿಕಲ್ ಎಷ್ಟು ಕ್ಷಣಿಕವೆಂದರೆ ಜಗತ್ತಿನಾದ್ಯಂತ ಅದರ ಸರಾಸರಿಯನ್ನು ನೇರವಾಗಿ ಅಳೆಯಲು ಬರುವುದಿಲ್ಲ. ವಿಜ್ಞಾನಿಗಳು ಅದನ್ನು ಅಂದಾಜಿಸಿದ್ದು ನಿಮ್ಮ ವಿದ್ಯಾರ್ಥಿಗಳು ಹಾಕುವ ಇದೇ ಗೆರೆಯಿಂದ. ಆಮೇಲೆ ಸಿಎಫ್‌ಸಿ-11ರ ಅಂಕಿಗಳನ್ನು ಕೊಟ್ಟು, 2012ರ ಆಚೆಗೆ ಗೆರೆ ಎಲ್ಲಿ ಬಾಗುತ್ತದೆ ಎಂದು ಅವರನ್ನೇ ಹುಡುಕಲು ಹೇಳಿ.